ಓದಿನ ನಡುವೆ ಊರು ಬದಲಾದಾಗ

(ಸಂಘದ ಪಾಲಕರ ಹಾಗೂ ವಿದ್ಯಾರ್ಥಿಗಳ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡುವಷ್ಟು ವಿದ್ವತ್ತು ನಮ್ಮಲ್ಲಿಲ್ಲ. ನಾವು ಬ್ಯಾಂಕಿನಲ್ಲಿ ಗುಮಾಸ್ತರು, ಓದಿದ್ದು ಬಿ.ಕಾಂ.; ದಿನವಿಡೀ ಕೌಂಟರಿನ ಹಿಂದೆ ಕುಳಿತು ಪರರ ಹಣ ಎಣಿಸುವುದೇ ನಮ್ಮ ಕಸುಬು. ಆದರೂ ಕಾರ್ಯದರ್ಶಿಗಳು ಮೊನ್ನೆ ಸಂಘದ ಮೆಟ್ಟಿಲ ಮೇಲೆ ನಮ್ಮನ್ನು ಹಿಡಿದು ನಿಲ್ಲಿಸಿ, "ನಿಮ್ಮ ಅಣ್ಣನ ಮಗಳ ಕಾಲೇಜಿನ ವಿಷಯ ಏನಾಯಿತೋ ಅದನ್ನೇ ಹೇಳಿಬಿಡಿ. ನಮ್ಮಲ್ಲಿ ಇನ್ನೂ ನಾಲ್ಕಾರು ಮನೆಯವರಿಗೆ ಇದೇ ತೊಡಕು ಬಂದಿದೆ" ಎಂದರು. ಹಿರಿಯರ ಮಾತು ಮೀರುವಂತಿಲ್ಲ. ಅದಕ್ಕಾಗಿ ನಿಂತಿದ್ದೇವೆ.

ಇನ್ನೊಂದು ಅರಿಕೆ. ನಾವು, ನಾವು ಎನ್ನುತ್ತಿರುವುದನ್ನು ದೊಡ್ಡಸ್ತಿಕೆಯೆಂದು ಭಾವಿಸಬಾರದು. ಈ ಸಂಗತಿಯಲ್ಲಿ ನಮ್ಮೊಬ್ಬರದೇ ಎಂದು ಹೇಳಿಕೊಳ್ಳುವಂಥ ಬುದ್ಧಿ ಬಹಳ ಕಡಮೆ. ಅಣ್ಣ, ವೈನಿ, ನಮ್ಮ ಮನೆಯವರು, ಧಾರವಾಡದಲ್ಲಿರುವ ಅವ್ವ, ಎಲ್ಲರೂ ಕೂಡಿ ಮಾಡಿದ್ದು. ತಪ್ಪುಗಳನ್ನೂ ಕೂಡಿಯೇ ಮಾಡಿದೆವು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ವರ್ಗ ಎಂಬ ಮಾತು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಮನೆಯ ಸಾಮಾನು ಲಾರಿಗೆ ಏರಿಸಬಹುದು, ಗ್ಯಾಸಿನ ಸಂಪರ್ಕ ಬದಲಿಸಬಹುದು, ಚಿಕ್ಕ ಮಕ್ಕಳನ್ನು ಬೇರೊಂದು ಶಾಲೆಗೆ ಹಾಕಬಹುದು. ಆದರೆ ಪದವಿಯ ಓದಿನ ನಡುವೆ ಇರುವ ಮಗುವನ್ನು ಏನು ಮಾಡುವುದು? ಇದಕ್ಕೆ ಉತ್ತರ ಲಾರಿಯವನ ಹತ್ತಿರ ಇಲ್ಲ.

ನಮ್ಮ ಅಣ್ಣ ಇಪ್ಪತ್ತು ವರ್ಷ ಠಾಣೆಯ ಒಂದು ಕಾರಖಾನೆಯಲ್ಲಿ ದುಡಿದವರು. 2025ರ ಮೇ ತಿಂಗಳಲ್ಲಿ ಅವರ ವಿಭಾಗವನ್ನೇ ಪುಣೆಯ ಹತ್ತಿರದ ಚಾಕಣಕ್ಕೆ ಸಾಗಿಸಿದರು. ಬರುವವರು ಬರಬಹುದು, ಬಾರದವರು ಲೆಕ್ಕ ಮುಗಿಸಿಕೊಳ್ಳಬಹುದು ಎಂದಾಯಿತು. ನಲವತ್ತೆಂಟರ ವಯಸ್ಸಿನಲ್ಲಿ ಲೆಕ್ಕ ಮುಗಿಸಿಕೊಂಡವನಿಗೆ ಬೇರೆ ಲೆಕ್ಕ ತೆರೆಯುವವರಾರು? ಅಣ್ಣ ಹೊರಟರು. ಮಗಳು ಆಗ ತಾನೆ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೊಂದರಲ್ಲಿ ಬಿ.ಕಾಂ. ಮೊದಲನೆಯ ವರ್ಷ ಮುಗಿಸಿದ್ದಳು. ಅವಳು ನಮ್ಮ ಮನೆಯಲ್ಲಿದ್ದು ಇಲ್ಲೇ ಓದು ಮುಂದುವರಿಸಲಿ ಎಂಬ ಮಾತೂ ಬಂದಿತ್ತು. ಎರಡು ದಿನ ಬಾಳಲಿಲ್ಲ. ಏಕೆ ಎಂದು ಡೊಂಬಿವಲಿಯ ನಮ್ಮ ಮನೆಯನ್ನು ನೋಡಿದವರು ಕೇಳಲಾರರು.

ಉಳಿದದ್ದು ಎರಡು ದಾರಿ. ಒಂದು, ತಂದೆತಾಯಿಯ ಜೊತೆ ಪಿಂಪರಿ-ಚಿಂಚವಡಕ್ಕೆ ಹೋಗಿ ಪುಣೆ ವಿಶ್ವವಿದ್ಯಾಲಯದ ಕಾಲೇಜೊಂದರಲ್ಲಿ ಎರಡನೆಯ ವರ್ಷಕ್ಕೆ ಸೇರುವುದು. ಇನ್ನೊಂದು, ಧಾರವಾಡಕ್ಕೆ ಹೋಗಿ ಅಜ್ಜಿಯ ಮನೆಯಲ್ಲಿದ್ದು ಕರ್ನಾಟಕ ವಿಶ್ವವಿದ್ಯಾಲಯದ ಕಾಲೇಜಿಗೆ ಸೇರುವುದು. ಎರಡೂ ಕಡೆ ಅರ್ಜಿ ಹಾಕಿದೆವು. ಎರಡೂ ಕಡೆಯಿಂದ ಬನ್ನಿ ಎಂಬ ಉತ್ತರ ಬಂತು. ಒಂದೇ ಉತ್ತರ ಬಂದಿದ್ದರೆ ಇಂದು ನಿಮಗೆ ಈ ಭಾಷಣ ಕೇಳುವ ಕಷ್ಟವಿರಲಿಲ್ಲ.

ನಮ್ಮ ಮನಸ್ಸು ಯಾವ ಕಡೆ ವಾಲಿತೆಂದು ಹೇಳಬೇಕಾಗಿಯೇ ಇಲ್ಲ. ಧಾರವಾಡದ ಹೆಸರು ಬಂದರೆ ಸಾಕು, ನಮ್ಮ ಕಡೆಯವರಿಗೆ ಮಳೆಯ ವಾಸನೆ ಬರುತ್ತದೆ. ಅದರ ಮೇಲೆ ನಾವು ಇತಿಹಾಸವನ್ನೂ ಸಾಕ್ಷಿಗೆ ಕರೆದೆವು. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯದ ವ್ಯಾಪ್ತಿ ಒಂದು ಕಾಲಕ್ಕೆ ಧಾರವಾಡದವರೆಗೆ ಹಬ್ಬಿತ್ತು. 1917ರಲ್ಲಿ ಧಾರವಾಡದಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನ ಹುಡುಗರು ಪದವಿ ಪಡೆಯುತ್ತಿದ್ದದ್ದು ಮುಂಬಯಿಯಿಂದಲೇ. 1949ರಲ್ಲಿ ಪುಣೆ ವಿಶ್ವವಿದ್ಯಾಲಯ ಬೇರೆ ಮನೆ ಹೂಡಿತು. 2014ರಿಂದ ಅದಕ್ಕೆ ಸಾವಿತ್ರಿಬಾಯಿ ಫುಲೆಯವರ ಹೆಸರಿದೆ. ಅದೇ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ ಹುಟ್ಟಿತು. ಹುಟ್ಟಿದ್ದೆಲ್ಲಿ? ಧಾರವಾಡದಲ್ಲಲ್ಲ, ಈ ಮುಂಬಯಿಯಲ್ಲಿ. ಮರುವರ್ಷ, 1950ರಲ್ಲಿ, ಅದು ಧಾರವಾಡಕ್ಕೆ ಹೋಯಿತು. ಆ ವಿಶ್ವವಿದ್ಯಾಲಯವೇ ಒಂದು ವರ್ಷ ಮುಂಬಯಿಯಲ್ಲಿ ಕಳೆದು ಎರಡನೆಯ ವರ್ಷಕ್ಕೆ ಧಾರವಾಡ ಸೇರಿದೆ, ನಮ್ಮ ಹುಡುಗಿ ಸೇರಿದರೆ ತಪ್ಪೇನು ಎಂದು ನಾವು ಊಟಕ್ಕೆ ಕುಳಿತಾಗ ವಾದಿಸಿದೆವು. ಎಲ್ಲರೂ ನಕ್ಕರು. ವಾದ ಗೆದ್ದೆವೆಂದು ತಿಳಿದೆವು. ವೈನಿ ಮಾತ್ರ, "ಅದು ಖರೆ, ಆದರ ಅವಳ ಮಾರ್ಕ್ಸ್ ಕಾರ್ಡು ಅಲ್ಲಿ ನಡೀತದೇನು, ಅದನ್ನ ಹೇಳ್ರಿ" ಎಂದರು.

ಅದನ್ನು ಹೇಳಬೇಕಾದವರು ನಾವೇ. ಮನೆಯಲ್ಲಿ ಲೆಕ್ಕ ಬಲ್ಲವರೆಂದು ಹೆಸರಾದವರು ನಾವು.

ನಮ್ಮ ಕಾಲದಲ್ಲಿ ಪಾಸು, ನಪಾಸು, ಎ.ಟಿ.ಕೆ.ಟಿ. ಈ ಮೂರೇ ಶಬ್ದ ಗೊತ್ತಿದ್ದರೆ ಕಾಲೇಜು ಮುಗಿಯುತ್ತಿತ್ತು. ಈಗ ಕ್ರೆಡಿಟ್ ಎಂಬ ನಾಣ್ಯ ಬಂದಿದೆ. ಮಹಾರಾಷ್ಟ್ರದಲ್ಲಿ ವಿಶ್ವವಿದ್ಯಾಲಯಗಳಿಗೆ ಸೇರಿದ ಕಾಲೇಜುಗಳು ಹೊಸ ಶಿಕ್ಷಣ ನೀತಿಯಂತೆ 2024-25ರಿಂದ ಪಾಠ ಆರಂಭಿಸಿದವು. ನಮ್ಮ ಹುಡುಗಿ ಆ ಮೊದಲ ತಂಡದವಳು. ಒಂದು ಸೆಮಿಸ್ಟರಿಗೆ 22 ಕ್ರೆಡಿಟ್, ವರ್ಷಕ್ಕೆ 44. ಮೂರು ವರ್ಷದ ಪದವಿಗೆ 132, ನಾಲ್ಕು ವರ್ಷದ ಆನರ್ಸಿಗೆ 176. ಇದರೊಳಗೆ ಮುಖ್ಯ ವಿಷಯವೊಂದೇ ಅಲ್ಲ. ಉಪವಿಷಯ, ಮುಕ್ತ ಆಯ್ಕೆಯ ವಿಷಯ, ಕೌಶಲದ ವಿಷಯ, ಭಾಷೆ, ಮೌಲ್ಯಶಿಕ್ಷಣ, ಭಾರತೀಯ ಜ್ಞಾನಪರಂಪರೆ ಎಂದು ಬುಟ್ಟಿಗಳು. ಪ್ರತಿಯೊಂದು ಬುಟ್ಟಿಗೂ ಇಂತಿಷ್ಟು ಎಂದು ತೂಕ.

ಈ ಕ್ರೆಡಿಟ್ಟುಗಳನ್ನು ಇಡಲು ಒಂದು ಬ್ಯಾಂಕೂ ಇದೆ. 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದವರು ನಿಯಮ ಮಾಡಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂದು ಹೆಸರಿಟ್ಟರು. ಬ್ಯಾಂಕ್ ಎಂಬ ಶಬ್ದ ಕಂಡು ನಮಗೆ ಎಲ್ಲಿಲ್ಲದ ಧೈರ್ಯ ಬಂತು. ಖಾತೆಯಿದೆ, ಹನ್ನೆರಡು ಅಂಕಿಯ ಸಂಖ್ಯೆಯಿದೆ, ಡಿಜಿಲಾಕರಿನಲ್ಲಿ ಜಮಾ ಕಾಣುತ್ತದೆ. ಇನ್ನೇನು, ಮುಂಬಯಿಯಲ್ಲಿ ಕಟ್ಟಿದ್ದನ್ನು ಧಾರವಾಡದಲ್ಲಿ ತೆಗೆದರಾಯಿತು ಎಂದುಕೊಂಡೆವು. ಇಲ್ಲಿಯೇ ನಾವು ಎಡವಿದ್ದು. ಎಡವಿದ್ದು ಗುಮಾಸ್ತರಾದ ನಾವು ಎಂಬುದು ನಾಚಿಕೆಯ ಮಾತು.

ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊರಊರಿನ ಚೆಕ್ಕು ಹಾಕಿದ ಗಿರಾಕಿ ಮರುದಿನವೇ ಬಂದು ಹಣ ಕೇಳುತ್ತಿದ್ದ. ಚೆಕ್ಕು ಜಮಾ ಆಗಿದೆ, ಆದರೆ ಪಾಸಾಗಿಲ್ಲ, ದಿನಗಟ್ಟಲೆ ಕಾಯಬೇಕು ಎಂದು ಹೇಳಿ ಹೇಳಿ ನಮ್ಮ ಗಂಟಲು ಒಣಗುತ್ತಿತ್ತು. (2025ರ ಅಕ್ಟೋಬರ್ 4ರಿಂದ ರಿಜರ್ವ್ ಬ್ಯಾಂಕಿನವರು ಅದೇ ದಿನ ಚೆಕ್ಕು ಪಾಸಾಗುವ ವ್ಯವಸ್ಥೆ ತಂದಿದ್ದಾರೆ, ಅದರಿಂದ ನಮ್ಮ ಗಂಟಲು ಉಳಿಯಿತೋ ಕೆಲಸ ಹೆಚ್ಚಿತೋ, ಅದನ್ನು ಇನ್ನೊಂದು ದಿನ ಹೇಳುತ್ತೇವೆ.) ಕ್ರೆಡಿಟ್ಟಿನ ಮಾತೂ ಹಾಗೆಯೇ. ಖಾತೆಯಲ್ಲಿ 44 ಕಾಣುವುದು ಬೇರೆ, ಸೇರುವ ವಿಶ್ವವಿದ್ಯಾಲಯ ಆ 44ನ್ನೂ ತನ್ನ ಪದವಿಯ ಲೆಕ್ಕಕ್ಕೆ ಹಿಡಿಯುವುದು ಬೇರೆ. ಹಿಡಿಯುವ ಅಧಿಕಾರ ಅವರದು. ನಿಮ್ಮ ಯಾವ ವಿಷಯ ನಮ್ಮ ಯಾವ ವಿಷಯಕ್ಕೆ ಸಮ ಎಂದು ಅವರು ಕಾಗದದ ಮೇಲೆ ಬರೆದು ಕೊಡುವವರೆಗೆ ಅದು ಪಾಸಾಗದ ಚೆಕ್ಕು.

ಈ ದೃಷ್ಟಿಯಿಂದ ಎರಡೂ ಕಡೆಯ ಉತ್ತರಗಳನ್ನು ಮತ್ತೆ ಮುಂದಿಟ್ಟುಕೊಂಡೆವು. ಪುಣೆಯ ಕಾಲೇಜಿನವರ ಪತ್ರದಲ್ಲಿ ಅಕ್ಕರೆಯ ಮಾತು ಒಂದೂ ಇರಲಿಲ್ಲ. ವಿಶ್ವವಿದ್ಯಾಲಯದ ಅರ್ಹತಾ ನಿರ್ಣಯಕ್ಕೆ ಒಳಪಟ್ಟು ಎರಡನೆಯ ವರ್ಷಕ್ಕೆ ತಾತ್ಕಾಲಿಕ ಪ್ರವೇಶ; ಮೊದಲ ವರ್ಷದ ಎರಡು ವಿಷಯಗಳು ಹೊಂದುವುದಿಲ್ಲ, ಅವನ್ನು ಹೆಚ್ಚಿಗೆ ಬರೆಯಬೇಕು; ಇಷ್ಟೆ. ಆದರೆ ಆ ಎರಡು ವಿಷಯಗಳ ಹೆಸರು ಬರೆದಿದ್ದರು. ಉಳಿದವು ಹೊಂದಿದವೆಂದು ಅದರ ಅರ್ಥ. ಎರಡೂ ವಿಶ್ವವಿದ್ಯಾಲಯಗಳು ಒಂದೇ ರಾಜ್ಯದ ಒಂದೇ ಚೌಕಟ್ಟಿನಲ್ಲಿ ಪಾಠಕ್ರಮ ಹೆಣೆದಿದ್ದರಿಂದ ಬುಟ್ಟಿಗೆ ಬುಟ್ಟಿ ಕೂಡಿಬಂದಿತ್ತು.

ಧಾರವಾಡದಲ್ಲಿ ನಾವು ಕಂಡವರು ಬಹಳ ಒಳ್ಳೆಯ ಮನುಷ್ಯರು. ಚಹಾ ತರಿಸಿದರು. ಮುಂಬಯಿಯಿಂದ ಕನ್ನಡದ ಹುಡುಗಿ ಬರುತ್ತಾಳೆಂದು ಅವರಿಗೆ ನಿಜವಾಗಿ ಸಂತೋಷವಾಗಿತ್ತು. "ಆಗ್ತದ ತಗೋರಿ, ಮೊದಲ ಸೇರಿಸಿಬಿಡ್ರಿ, ಆಮ್ಯಾಲೆ ನೋಡೋಣಂತ" ಎಂದರು. ಆದರೆ ಅವರ ಕೈಯಲ್ಲಿ ಇಲ್ಲದ ಒಂದು ತೊಡಕಿತ್ತು. ಹೊಸ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು, 2021ರಲ್ಲಿ, ಜಾರಿಗೆ ತಂದ ರಾಜ್ಯ ಕರ್ನಾಟಕ. ಪ್ರೊಫೆಸರ್ ಸುಖದೇವ ಥೋರಾಟರ ಆಯೋಗದ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಅದೇ ಕರ್ನಾಟಕ ಸರ್ಕಾರ ನಾಲ್ಕು ವರ್ಷದ ಪದ್ಧತಿಯನ್ನು ಬಿಟ್ಟು, 2024-25ರಿಂದ ಸೇರುವವರಿಗೆ ಮತ್ತೆ ಮೂರು ವರ್ಷದ ಪದವಿಯನ್ನು ತಂದಿತು. ನೋಡಿ, ಎಂಥ ಯೋಗ! ಯಾವ ವರ್ಷ ಮಹಾರಾಷ್ಟ್ರದ ಕಾಲೇಜುಗಳು ಆ ದೋಣಿ ಹತ್ತಿದವೋ ಅದೇ ವರ್ಷ ಕರ್ನಾಟಕ ಇಳಿಯಿತು. ನಮ್ಮ ಹುಡುಗಿ ಎರಡು ದೋಣಿಗಳ ನಡುವೆ ಕಾಲಿಟ್ಟಿದ್ದಳು. ಅವಳ ಕೆಲವು ಬುಟ್ಟಿಗಳಿಗೆ ಅಲ್ಲಿ ಜೋಡಿಯೇ ಇಲ್ಲ. ಅಲ್ಲಿಯ ಮೊದಲ ವರ್ಷದ ಭಾಷಾ ವಿಷಯಗಳು ಇವಳಲ್ಲಿಲ್ಲ. ಎಷ್ಟು ಹಿಡಿಯುತ್ತಾರೆ, ಎಷ್ಟು ಬಿಡುತ್ತಾರೆ ಎಂಬುದನ್ನು ವಿಶ್ವವಿದ್ಯಾಲಯವೇ ತೀರ್ಮಾನಿಸಬೇಕು, ಅದು ಪ್ರವೇಶದ ಅನಂತರ. ಹಾಗಾದರೆ ಸೇರಿದ ಮೇಲೆ ಆಗದೆಂದರೆ? ಆ ಪ್ರಶ್ನೆ ಕೇಳಿದಾಗ ಅವರೂ ಒಂದು ಗಳಿಗೆ ಸುಮ್ಮನಾದರು. ಸುಳ್ಳು ಹೇಳಲಿಲ್ಲ, ಅದು ಅವರ ದೊಡ್ಡತನ.

ಮೂರು ವರ್ಷವೋ ನಾಲ್ಕು ವರ್ಷವೋ ಎಂಬ ಚರ್ಚೆ ಮನೆಯಲ್ಲಿ ಒಂದು ವಾರ ನಡೆಯಿತು. ಪುಣೆಯಲ್ಲಿ ನಾಲ್ಕನೆಯ ವರ್ಷದ ಅವಕಾಶವುಂಟು, ಧಾರವಾಡದಲ್ಲಿ ಇಲ್ಲ. ಆದ್ದರಿಂದ ಪುಣೆಯೇ ಮೇಲು ಎಂದು ಅಣ್ಣ ಒಮ್ಮೆ ಹೇಳಿದರು. ಇದು ಅಷ್ಟು ದೊಡ್ಡ ಭೇದವಲ್ಲ ಎಂದು ನಮ್ಮ ಮತ. ನಾಲ್ಕು ವರ್ಷ ಓದಿದವರಿಗೆ ಎಂ.ಕಾಂ. ಒಂದು ವರ್ಷ, ಮೂರು ವರ್ಷ ಓದಿದವರಿಗೆ ಎರಡು ವರ್ಷ. ಕೂಡಿಸಿದರೆ ಎರಡೂ ಐದೇ. ಪದವಿಯಾದ ಮೇಲೆ ಬ್ಯಾಂಕಿನ ಪರೀಕ್ಷೆಗೆ ಕೂರುವವರಿಗೆ ಮೂರು ವರ್ಷವೇ ಸಾಕು. ಸಿ.ಎ. ಓದುವವರಿಗಂತೂ ಹನ್ನೆರಡನೆಯ ತರಗತಿಯಾದ ಮೇಲೆಯೇ ಫೌಂಡೇಷನ್ ಪರೀಕ್ಷೆಯ ದಾರಿಯುಂಟು. ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯ ಆನರ್ಸ್ ಬೇಕೆನ್ನುವವರು ಮೊದಲ ಆರು ಸೆಮಿಸ್ಟರುಗಳಲ್ಲಿ ನೂರಕ್ಕೆ 75 ಗಳಿಸಿರಬೇಕು. ಅಷ್ಟು ಗಳಿಸಿ ಮುಂದೆ ಪಿಎಚ್.ಡಿ.ಗೆ ಹೋಗುವ ಹಂಬಲವುಳ್ಳವರಿಗೆ ಮಾತ್ರ ಆ ಬಾಗಿಲು ತೆರೆದಿರುವುದು ಮುಖ್ಯ. ನಮ್ಮ ಹುಡುಗಿ ಇನ್ನೂ ಏನಾಗಬೇಕೆಂದು ನಿಶ್ಚಯಿಸಿಲ್ಲ. ಹತ್ತೊಂಬತ್ತಕ್ಕೆ ನಿಶ್ಚಯಿಸದಿರುವುದು ಅಪರಾಧವೂ ಅಲ್ಲ.

ಇನ್ನೊಂದು ಲೆಕ್ಕ ಮಾತ್ರ ಪಾಲಕರು ಬರೆದಿಟ್ಟುಕೊಳ್ಳುವಂಥದು. 2021ರ ಆ ನಿಯಮಗಳಂತೆ, ಪದವಿಗೆ ಬೇಕಾದ ಕ್ರೆಡಿಟ್ಟುಗಳಲ್ಲಿ ಕಡಮೆಯೆಂದರೆ ಅರ್ಧವನ್ನು ಪದವಿ ಕೊಡುವ ಸಂಸ್ಥೆಯಲ್ಲೇ ಗಳಿಸಿರಬೇಕು. ಗಳಿಸಿದ ಕ್ರೆಡಿಟ್ ಹೆಚ್ಚೆಂದರೆ ಏಳು ವರ್ಷ ಬಾಳುತ್ತದೆ. ಎರಡನೆಯ ವರ್ಷಕ್ಕೆ ಬದಲಾಯಿಸಿದರೆ ಹಳೆಯ ಊರಿನ 44, ಹೊಸ ಊರಿನ 88, ತೊಂದರೆಯಿಲ್ಲ. ಮೂರನೆಯ ವರ್ಷಕ್ಕೆ ಬದಲಾಯಿಸಿದರೆ ಹಳೆಯದು 88, ಹೊಸದು 44. ಮೂರು ವರ್ಷದ ಪದವಿಗೆ ಅರ್ಧ ತುಂಬುವುದಿಲ್ಲ. ಆದ್ದರಿಂದ ವರ್ಗದ ಗಾಳಿ ಮೂಗಿಗೆ ಬಡಿದವರು ಒಂದು ವರ್ಷ ಹೇಗೋ ತಳ್ಳೋಣ, ಆಮೇಲೆ ನೋಡೋಣ ಎನ್ನಬಾರದು.

ಅಷ್ಟರಲ್ಲಿ ನಮ್ಮ ಕೈಯಿಂದಲೇ ಒಂದು ಎಡವಟ್ಟಾಯಿತು. ಹುಡುಗಿಯ ಕ್ರೆಡಿಟ್ ಖಾತೆ ತೆರೆದು ನೋಡಿದರೆ ಸೊನ್ನೆ. ಅವಳು ಅಳುವುದೊಂದು ಬಾಕಿ. ತಪಾಸಣೆ ಮಾಡಿದಾಗ ತಿಳಿದದ್ದು, ಆಧಾರದಲ್ಲಿ ಅವಳ ಹೆಸರು ನಮ್ಮ ಕಡೆಯ ಪದ್ಧತಿಯಂತೆ ಇದೆ, ಅದೂ ಹಳ್ಳಿಯ ಹೆಸರಿನ ಮೊದಲಕ್ಷರ ಹಿಡಿದು. ಅಂಕಪಟ್ಟಿಯಲ್ಲಿ ಇಲ್ಲಿಯ ಪದ್ಧತಿಯಂತೆ ಅಡ್ಡಹೆಸರು ಮೊದಲು, ಆಮೇಲೆ ತನ್ನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು. ಎರಡೂ ಒಬ್ಬಳೇ ಎಂದು ಯಂತ್ರಕ್ಕೆ ಹೇಗೆ ತಿಳಿಯಬೇಕು? ಹತ್ತನೆಯ ತರಗತಿಯ ವೇಳೆಗೇ ಸರಿಮಾಡಿಸಬೇಕಿತ್ತು. ಮಾಡಿಸೋಣವೆಂದು ನಾವೇ ಅಣ್ಣನಿಗೆ ಹೇಳಿ, ನಾವೇ ಮರೆತಿದ್ದೆವು. ಬ್ಯಾಂಕಿನಲ್ಲಿ ದಿನಕ್ಕೆ ಹತ್ತು ಜನರನ್ನು ಇದೇ ಕಾರಣಕ್ಕೆ ಹಿಂದೆ ಕಳಿಸುತ್ತೇವೆ. ಆ ತಿದ್ದುಪಡಿಗೆ ಮೂರು ವಾರ ಹಿಡಿಯಿತು. ತಾವು ದಯವಿಟ್ಟು ಇಂದು ರಾತ್ರಿಯೇ ಮಕ್ಕಳ ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

ಕಾಗದಪತ್ರದ ಮಾತು ಬಂದಾಗ ಇನ್ನೆರಡು ಅರಿಕೆ. ಹೊಸ ಕಾಲೇಜಿನ ಬರಹ ಕೈಗೆ ಬರುವ ಮೊದಲು ಹಳೆಯ ಕಾಲೇಜಿನಿಂದ ಎಲ್.ಸಿ.ಯನ್ನೂ ವಿಶ್ವವಿದ್ಯಾಲಯದಿಂದ ಮೈಗ್ರೇಷನ್ ಸರ್ಟಿಫಿಕೇಟನ್ನೂ ತೆಗೆಸಬೇಡಿ. ತೆಗೆಸಿದಿರೆಂದರೆ ಹಿಂದಿನ ಖಾತೆ ಮುಚ್ಚಿದಂತೆ. ಮುಂದಿನದು ತೆರೆಯದಿದ್ದರೆ ಮಗು ಬೀದಿಯಲ್ಲಿ. ಒಂದು ಕಡೆ ಶುಲ್ಕ ಕಟ್ಟಿ ಮನಸ್ಸು ಬದಲಾದರೆ ಹಣ ಮುಳುಗಿತೆಂದೂ ಹೆದರಬೇಡಿ. 2018ರ ಅನುದಾನ ಆಯೋಗದ ಸೂಚನೆಯಲ್ಲಿ ಮರುಪಾವತಿಗೆ ಮೆಟ್ಟಿಲುಗಳಿವೆ. ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಮೊದಲೇ ಬಿಟ್ಟರೆ ಅಲ್ಪ ಕಡಿತದ ಹೊರತು ಪೂರ್ತಿ, ಹದಿನೈದು ದಿನದೊಳಗಾದರೆ ನೂರಕ್ಕೆ 90, ಕೊನೆಯ ದಿನ ದಾಟಿ ಹದಿನೈದು ದಿನದವರೆಗೆ 80, ಅಲ್ಲಿಂದ ಮೂವತ್ತನೆಯ ದಿನದವರೆಗೆ 50, ಆಮೇಲೆ ಸೊನ್ನೆ. ಮೂಲ ಪ್ರಮಾಣಪತ್ರಗಳನ್ನು ಕಾಲೇಜಿನವರು ಹಿಡಿದಿಟ್ಟುಕೊಳ್ಳುವಂತಿಲ್ಲವೆಂದೂ ಅದರಲ್ಲಿದೆ. ಬಾಯಲ್ಲಿ ಜಗಳವಾಡುವುದಕ್ಕಿಂತ ಆ ಸೂಚನೆಯ ಪ್ರತಿಯನ್ನು ಮೇಜಿನ ಮೇಲಿಡುವುದು ವಾಸಿ.

ಇಷ್ಟೆಲ್ಲ ಸಾಮಗ್ರಿ ಕೂಡಿಸಿ ನಾವು ಒಂದು ನೋಟುಪುಸ್ತಕದಲ್ಲಿ ಎಡಗಡೆ ಪುಣೆ, ಬಲಗಡೆ ಧಾರವಾಡ ಎಂದು ಬರೆದೆವು. ಕ್ರೆಡಿಟ್ ಹೊಂದಿಕೆ, ಶುಲ್ಕ, ಬಸ್ಸಿನ ಖರ್ಚು, ಮುಂದಿನ ಓದು. ಶುಲ್ಕದಲ್ಲಿ ಧಾರವಾಡ ಬಹಳ ಅಗ್ಗ; ಅದನ್ನು ದಪ್ಪಕ್ಷರದಲ್ಲಿ ಬರೆದೆವು. ಧಾರವಾಡದ ಪುಟದಲ್ಲಿ ಇನ್ನೂ ಎರಡು ಸಾಲು ಸೇರಿಸಿದ್ದೆವು. ಜುಲೈ ತಿಂಗಳ ಒಂದು ರವಿವಾರ ಎಲ್ಲರೂ ನಮ್ಮ ಮನೆಯಲ್ಲಿ ಕೂಡಿದಾಗ ಆ ಪುಸ್ತಕವನ್ನು ಹುಡುಗಿಯ ಕೈಗೆ ಕೊಟ್ಟು, ನೋಡು, ನೀನೇ ತೀರ್ಮಾನ ಮಾಡು ಎಂದೆವು.

ಅವಳು ಪುಟ ತಿರುವಿ ನಮಗೇ ತಿರುಗಿ ಕೊಟ್ಟಳು. "ಕಾಕಾ, ನೀವ ಓದ್ರಿ. ನನಗ ಕನ್ನಡ ಓದಲಿಕ್ಕೆ ಭಾಳ ಹೊತ್ತು ಹಿಡೀತದ" ಎಂದಳು.

ನಾವು ಬೆರಳಿಟ್ಟು ಓದುತ್ತ ಹೋದೆವು. ಬಲಗಡೆಯ ಪುಟದಲ್ಲಿ ಒಂದು ಸಾಲನ್ನು ಹಾರಿಸಿ ಮುಂದೆ ಹೋದೆವು. ಅಕ್ಷರ ತಡವಾಗಿ ತಿಳಿಯುತ್ತಿದ್ದರೂ ಬೆರಳು ಹಾರಿದ್ದು ಅವಳಿಗೆ ತಿಳಿಯದೆ ಇರಲಿಲ್ಲ. "ಒಂದು ಸಾಲು ಬಿಟ್ರಿ" ಎಂದಳು. ಏನಿಲ್ಲ ಎಂದೆವು. ಪುಸ್ತಕ ಎಳೆದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ತಾನೇ ಗಟ್ಟಿಯಾಗಿ ಓದಿದಳು: "ಅವ್ವನ ಹತ್ತಿರ ಒಬ್ಬರು ಇದ್ದಂತಾಗುತ್ತದೆ."

ನಮ್ಮ ತಂದೆಯವರು 2021ರಲ್ಲಿ ತೀರಿಕೊಂಡರು. ಅಂದಿನಿಂದ ಅವ್ವ ಧಾರವಾಡದ ಮನೆಯಲ್ಲಿ ಒಬ್ಬರೇ. ಮುಂಬಯಿಗೆ ಬಂದರೆ ಎಂಟನೆಯ ದಿನಕ್ಕೆ ಉಸಿರು ಕಟ್ಟುತ್ತದೆ ಎನ್ನುತ್ತಾರೆ. ಇಬ್ಬರು ಗಂಡುಮಕ್ಕಳು ತಿಂಗಳಿಗೊಮ್ಮೆ ಹಣ ಕಳಿಸುತ್ತೇವೆ, ದಿನಕ್ಕೊಮ್ಮೆ ಫೋನು ಮಾಡುತ್ತೇವೆ, ವರ್ಷಕ್ಕೆರಡು ಸಲ ಹೋಗುತ್ತೇವೆ. ಅಷ್ಟು ಸಾಲದೆಂಬುದು ಇಬ್ಬರಿಗೂ ಗೊತ್ತು, ಒಬ್ಬರಿಗೊಬ್ಬರು ಆಡಿರಲಿಲ್ಲ. ಹುಡುಗಿಯ ಕಾಲೇಜಿನ ಪ್ರಶ್ನೆ ಬಂದಾಗ, ಆಡದ ಆ ಮಾತು ಧಾರವಾಡದ ಪುಟದಲ್ಲಿ ಹೋಗಿ ಕುಳಿತಿತ್ತು.

"ನಾ ಧಾರವಾಡಕ್ಕ ಹೋಗೋದು ನನ್ನ ಓದಿನ ಸಲುವಾಗಿನೋ, ಅಜ್ಜಿ ಸಲುವಾಗಿನೋ? ಒಂದ ಹೇಳ್ರಿ. ಅಜ್ಜಿ ಸಲುವಾಗಿ ಅಂದ್ರ ಹಂಗ ಹೇಳ್ರಿ, ನಾ ಬ್ಯಾಡ ಅನ್ನೂದಿಲ್ಲ" ಎಂದಳು ಹುಡುಗಿ.

ಅಣ್ಣ ಎದ್ದು ಗ್ಯಾಲರಿಗೆ ಹೋದರು. ನಮಗೆ ಎದ್ದು ಹೋಗಲು ಜಾಗವಿರಲಿಲ್ಲ.

ಆ ಪುಟದ ಇನ್ನೊಂದು ಸಾಲನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಅದು, "ಕನ್ನಡ ಬರುತ್ತದೆ" ಎಂಬುದು. ರಾಜ್ಯೋತ್ಸವದ ಸಂಚಿಕೆಯಲ್ಲಿ ಅಚ್ಚಾಗುವ ಭಾಷಣದಲ್ಲಿ ಇದನ್ನು ಹೇಳುವುದು ಸರಿಯೋ ತಪ್ಪೋ ಹಿರಿಯರು ಕ್ಷಮಿಸಬೇಕು. ಈ ಊರಿನಲ್ಲಿ ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಓದಿದವರು ನಮ್ಮ ಹಿಂದಿನ ತಲೆಮಾರಿನಲ್ಲಿದ್ದಾರೆ. ಎರಡು ಕೋಣೆಯ ಮನೆ, ಪಗಾರದ ನೌಕರಿ ಇದ್ದೂ ನಾವು ಹತ್ತೊಂಬತ್ತು ವರ್ಷ ಆ ಹುಡುಗಿಯ ಮುಂದೆ ಒಂದು ಕನ್ನಡ ಪುಸ್ತಕ ತೆರೆದು ಕೂರಲಿಲ್ಲ. ಆ ಬಾಕಿಯನ್ನು ಈಗ ಒಂದು ಕಾಲೇಜಿನ ತಲೆಗೆ ಕಟ್ಟಿ, ಅವಳ ಒಂದು ವರ್ಷವನ್ನು ಅದರ ಬಡ್ಡಿಗೆ ಕೊಡಲು ಹೊರಟಿದ್ದೆವು. ಕರ್ನಾಟಕದಲ್ಲಿ ಓದುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಮೊದಲ ವರ್ಷದಿಂದಲೇ ಹೋಗುವವರಿಗೆ ಈ ತೊಡಕು ಒಂದೂ ಇಲ್ಲ. ಎಂಜಿನಿಯರಿಂಗಿನಂಥ ಓದಿಗೆ ಅಲ್ಲಿಯ ಸಿ.ಇ.ಟಿ.ಯಲ್ಲಿ ಹೊರನಾಡ ಕನ್ನಡಿಗರಿಗೂ ಗಡಿನಾಡ ಕನ್ನಡಿಗರಿಗೂ ಬೇರೆ ದಾರಿಯನ್ನೇ ಇಟ್ಟಿದ್ದಾರೆ. ಅದಕ್ಕೆ ಕನ್ನಡ ಭಾಷೆಯ ಪರೀಕ್ಷೆ ಕೊಡಬೇಕಾಗುತ್ತದೆ. ಹೋಗುವವರು ಧಾರಾಳವಾಗಿ ಹೋಗಲಿ. ನಮ್ಮ ಹುಡುಗಿಯ ಲೆಕ್ಕ ಬೇರೆ.

ಆ ರಾತ್ರಿ ಅವ್ವನಿಗೆ ಫೋನು ಮಾಡಿದೆವು. ಅವರು ಮೊಮ್ಮಗಳು ಬರುತ್ತಾಳೆಂದು ಮಾಳಿಗೆಯ ಕೋಣೆಗೆ ಸುಣ್ಣ ಬಳಿಸಿ, ಬಡಿಗನನ್ನು ಕರೆಸಿ ಕಿಟಕಿ ರಿಪೇರಿ ಮಾಡಿಸಿದ್ದರು. ನಮಗೆ ಬಾಯಿ ಬರಲಿಲ್ಲ; ಎಲ್ಲವನ್ನೂ ವೈನಿಯೇ ಹೇಳಿದರು. ಅವ್ವ ಪೂರ್ತಿ ಕೇಳಿದರು. ಆಮೇಲೆ ಫೋನು ನಮಗೆ ಕೊಡಿಸಿ, "ನನ್ನ ಕಾಯಲಿಕ್ಕೆ ಆ ಹುಡುಗಿ ಓದು ಯಾಕ ಒತ್ತಿ ಇಡ್ತೀರೋ? ನನಗ ಯಾರರ ಬೇಕು ಅಂದ್ರ ನೀವಿಬ್ರು ಅದೀರಲ್ಲ, ನೀವ ಬರ್ರಿ" ಎಂದರು. ಒತ್ತೆ ಸಾಲದ ಕಾಗದ ದಿನವೂ ಬರೆಯುವ ನಮಗೆ ಆ ಶಬ್ದ ಅವ್ವನಿಂದಲೇ ಕೇಳಬೇಕಾಗಿತ್ತು.

ಮರುದಿನ ಅವಳು ಪುಣೆಗೆ ಹೂಂ ಎಂದಳು. ಎಡಗಡೆಯ ಪುಟ ಭಾರವಾಗಿದ್ದದ್ದೇ ಕಾರಣ ಎಂದು ನಾವು ಹೇಳಬಹುದು. ಅವಳನ್ನು ಕೇಳಿದರೆ, "ಅವರು ಏನ ಕಡಿಮಿ ಅದ ಅಂತ ಬರದು ಕೊಟ್ರು, ಅದಕ್ಕ" ಎಂದಳು. ಇಬ್ಬರು ಅಣ್ಣತಮ್ಮಂದಿರು ಅದೇ ವಾರ ಬೇರೊಂದು ಪುಟ ತೆರೆದೆವು. ತಿಂಗಳಿಗೊಮ್ಮೆ ಒಬ್ಬರು, ಕಡಮೆಯೆಂದರೆ ನಾಲ್ಕು ದಿನ, ಧಾರವಾಡದಲ್ಲಿರುವುದು. 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಪುಣೆ-ಹುಬ್ಬಳ್ಳಿ ವಂದೇ ಭಾರತ್ ಗಾಡಿ ಧಾರವಾಡದಲ್ಲಿ ನಿಲ್ಲುತ್ತದೆ; ಅಣ್ಣನಿಗೆ ಅದು ಅನುಕೂಲ. ನಮಗೆ ರಾತ್ರಿಯ ಗಾಡಿ. ಎರಡು ಪಾಳಿ ತಪ್ಪಿಸಿದ್ದೇವೆ, ಒಂದು ಸಲ ಬ್ಯಾಂಕಿನ ಆಡಿಟ್ ಇತ್ತು, ಒಂದು ಸಲ ನೆಪ.

ಹುಡುಗಿ ಈಗ ಪುಣೆಯಲ್ಲಿ ಮೂರನೆಯ ಸೆಮಿಸ್ಟರಿನಲ್ಲಿದ್ದಾಳೆ. ಹೊಂದದ ಎರಡು ವಿಷಯಗಳಲ್ಲಿ ಒಂದನ್ನು ಈ ಸಲ ಬರೆಯುತ್ತಾಳೆ, ಇನ್ನೊಂದು ಮುಂದಿನ ಸಲಕ್ಕೆ. ಮೊದಲ ತಿಂಗಳು ಗೆಳತಿಯರಿಲ್ಲವೆಂದು ಬೇಸರಪಟ್ಟಳು, ಠಾಣೆಯ ಲೋಕಲ್ ಗಾಡಿಯ ಗದ್ದಲವಿಲ್ಲದೆ ನಿದ್ದೆ ಬರುವುದಿಲ್ಲ ಎಂದಳು. ಅರ್ಹತಾ ನಿರ್ಣಯದ ಅಂತಿಮ ಕಾಗದ ಸೆಪ್ಟೆಂಬರಿನಲ್ಲಿ ಬಂತು. ಅದರ ಪ್ರತಿ, ಅರ್ಜಿಗಳ ನಮೂನೆ, ವಿಷಯಗಳ ಹೋಲಿಕೆಯ ಪಟ್ಟಿ ಎಲ್ಲವನ್ನೂ ಒಂದು ಕಡತದಲ್ಲಿ ಹಾಕಿ ಸಂಘದ ವಾಚನಾಲಯದಲ್ಲಿಟ್ಟಿದ್ದೇವೆ. ಬೇಕಾದವರು ನೋಡಬಹುದು, ಮನೆಗೆ ಒಯ್ಯುವವರು ದಯವಿಟ್ಟು ತಿರುಗಿ ತರಬೇಕು.

ಮುಂದಿನ ರವಿವಾರ ಮಾತ್ರ ನಾವು ಇಲ್ಲಿ ಸಿಗುವುದಿಲ್ಲ. ನಮ್ಮ ಪಾಳಿ, ಧಾರವಾಡದಲ್ಲಿರುತ್ತೇವೆ. ಮಾಳಿಗೆಯ ಕೋಣೆಯಲ್ಲಿ ಈಗ ಮಲಗುವವರು ನಾವೇ. ಕಿಟಕಿ ಚೆನ್ನಾಗಿ ಮುಚ್ಚುತ್ತದೆ.